ಟ್ಯಾಂಕಿನ ಸದ್ದು ಕೇಳದ ಕರಿಬಸಯ್ಯ

ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ. ಗಾದೆ ಕಟ್ಟಿದವರು ಸಿಂಧನೂರಿನ ಕರಿಬಸಯ್ಯನ ಜೀಪು ಹತ್ತಿರಲಿಲ್ಲ. ಅದರ ಟ್ಯಾಂಕು ತುಂಬಿದರೆ ತುಳುಕುತ್ತಿತ್ತು, ಅರ್ಧವಾದರೆ ಕುಣಿಯುತ್ತಿತ್ತು, ಖಾಲಿಯಾದರೆ ಡೊಳ್ಳು ಬಾರಿಸುತ್ತಿತ್ತು. ಇದು ಖರೇ ಕಥೆ. ಇದರಲ್ಲಿ ಒಂದು ನಟ್ಟಿನಷ್ಟು ಸುಳ್ಳಿದ್ದರೂ ಹೇಳಿದವನ ಸೈಕಲ್ಲು ನಡುಹಾದಿಯಲ್ಲಿ ಪಂಚರಾಗಲಿ.

ತೊಂಬತ್ತೊಂದನೇ ಇಸವಿ. ಕರಿಬಸಯ್ಯನಿಗೆ ಸಿಂಧನೂರಿನಲ್ಲಿ ಬಟ್ಟೆ ಅಂಗಡಿ, ದಢೇಸುಗೂರಿನಲ್ಲಿ ಗದ್ದೆ, ಎರಡರ ನಡುವೆ ಓಡಾಡಲು ಹರಾಜಿನಲ್ಲಿ ಹಿಡಿದ ಹಳೇ ಜೀಪು. ಆ ಜೀಪಿಗೆ ಡೀಸೆಲ್ ಟ್ಯಾಂಕು ಡ್ರೈವರನ ಸೀಟಿನ ಕೆಳಗೇ ಇತ್ತು. ಅಂದರೆ ಕರಿಬಸಯ್ಯ ಒಂದು ವರ್ಷದಿಂದ ಸದ್ದಿನ ಮೇಲೆಯೇ ಕೂತಿದ್ದ. ಊರಿಗೆಲ್ಲ ಕೇಳುವ ಸದ್ದು ಅವನೊಬ್ಬನಿಗೆ ಕೇಳುತ್ತಿರಲಿಲ್ಲ. ಕೇಳುತ್ತಿರಲಿಲ್ಲ ಎನ್ನುವುದು ಅವನ ಮಾತು. ಯಾರೂ ನೋಡದಾಗ ಟ್ಯಾಂಕಿಗೆ ತೆಂಗಿನ ನಾರಿನ ಹಗ್ಗವನ್ನೂ ಹರಿದ ಸೈಕಲ್ ಟ್ಯೂಬನ್ನೂ ಸುತ್ತಿದವನು ಯಾರು ಅಂತ ಮಾತ್ರ ಅವನು ಹೇಳುತ್ತಿರಲಿಲ್ಲ.

ಲಿಂಗಸುಗೂರಿಗೆ ಕೊಟ್ಟ ಮಗಳು ವೀರಭದ್ರಮ್ಮನಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ಸೋಮವಾರ ತವರಿಗೆ ಕರೆತರಬೇಕು. ಮದುವೆಯ ಹಂದರದಲ್ಲೇ ಕರಿಬಸಯ್ಯ ಬೀಗರ ಎದುರು ಮೀಸೆ ತಿರುವಿ, “ನನ್ನ ಮಗಳು ತವರಿಗೆ ಬಸ್ಸಿನಾಗ ಬರಂಗಿಲ್ಲ, ಅಪ್ಪನ ಜೀಪಿನಾಗ ಬರ್ತಾಳ” ಎಂದುಬಿಟ್ಟಿದ್ದ. ಆ ಮಾತು ಈಗ ಬಾಗಿಲಿಗೆ ಬಂದು ನಿಂತಿತ್ತು. ಬಾಗಿಲಲ್ಲಿ ಹೆಂಡತಿ ಕಲ್ಯಾಣಮ್ಮನೂ ನಿಂತಿದ್ದಳು.

“ಹಡಿಯಾಕ ಬರೋ ಮಗಳನ್ನ ನಾ ಈ ಡೊಳ್ಳಿನ ಜೋಡಿ ಕುಂದ್ರಸಂಗಿಲ್ಲ. ಸೋಮವಾರದೊಳಗ ಸದ್ದು ನಿಂತ್ರ ಜೀಪು, ಇಲ್ಲಾಂದ್ರ ಕೆಂಪು ಬಸ್ಸು.”

“ಸದ್ದಾ? ಯಾವ ಸದ್ದು?”

“ಓಣಿ ನಾಯಿಗೋಳಿಗೆ ಗೊತ್ತೈತ್ರಿ, ನಿಮಗ ಗೊತ್ತಿಲ್ಲ?”

ಹೀಗೆ ಶುಕ್ರವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಬಂದೇಸಾಬನ ಗ್ಯಾರೇಜಿನ ಬೇವಿನ ಮರದ ಕೆಳಗೆ ಇಳಿದರು.

ಬಂದೇಸಾಬನ ಪದ್ಧತಿಯೇ ಬೇರೆ. ಗಾಡಿ ತಂದವರಿಗೆ ಏನಾಗಿದೆ ಎಂದು ಹೇಳಲು ಬರುವುದಿಲ್ಲ. ‘ಒಂಥರಾ ಸೌಂಡ್ ಬರ್ತೈತಿ’ ಅನ್ನುತ್ತಾರೆ, ಅಷ್ಟೇ. ಆಗ ಬಂದೇಸಾಬ ಒಂದೊಂದು ರೋಗದ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ಬೇರಿಂಗು ಸವೆದರೆ ‘ಗುಂಯ್ಯ್’, ಸೈಲೆನ್ಸರು ತೂತಾದರೆ ‘ಭರ್‌ರ್’. ಗಿರಾಕಿ “ಹಾಂ, ಅದ ನೋಡು!” ಎಂದ ಕೂಡಲೇ ಕೈಗೆ ನಟ್ಟು ಬಿಚ್ಚುವ ಪಾನಾ. ಅವನ ಬಾಯಿ ಕೇಳಿ, ಟ್ರ್ಯಾಕ್ಟರ್ ಬಂತೆಂದು ಎಮ್ಮೆಗಳು ದಾರಿ ಬಿಟ್ಟದ್ದೂ ಉಂಟು.

“ಇದಾ ಏನ್ರೀ ಅಯ್ಯನೋರ? ಧಡಕ್... ಧಡಕ್... ಧಡಧಡಕ್!”

“ಹಾಂ, ಅದ!” ಅಂದಳು ಕಲ್ಯಾಣಮ್ಮ.

“ನನಗೇನೂ ಕೇಳಂಗಿಲ್ಲಪ. ಈಕಿ ಸಮಾಧಾನಕ್ಕ ಒಂದೀಟು ನೋಡು,” ಅಂದ ಕರಿಬಸಯ್ಯ.

ಬಂದೇಸಾಬ ಸೀಟು ತೆಗೆದ. ನಾರಿನ ಹಗ್ಗ ಕಂಡಿತು, ಟ್ಯೂಬು ಕಂಡಿತು. ಕರಿಬಸಯ್ಯ ಬೇವಿನ ಮರದ ಎಲೆ ಎಣಿಸುತ್ತಿದ್ದ. ಡೀಸೆಲ್ಲನ್ನು ಡಬ್ಬಿಗೆ ಇಳಿಸಿ, ಪೈಪು ಬಿಚ್ಚಿ, ಟ್ಯಾಂಕನ್ನು ಎತ್ತಿದವನೇ ಬಂದೇಸಾಬ ಕೂಗಿದ:

“ಯಾ ಅಲ್ಲಾ! ಅಯ್ಯನೋರ, ಇಲ್ಲಿ ಬರ್ರಿ. ಸೀಟಿನ ಕೆಳಗ ಕಿರಾಣಿ ಅಂಗಡಿ ಇಟ್ಟೀರೇನು?”

ಟ್ಯಾಂಕು ಕೂರುವ ಪಟ್ಟಿಗಳ ಸುತ್ತ ಸಣ್ಣ ಸಣ್ಣ ಬಟ್ಟೆಯ ಗಂಟುಗಳು. ಕೆಲವು ಹೊಸವು, ಕೆಲವು ಕೊಳೆತು ಕಪ್ಪಾದವು. ಬಿಚ್ಚಿದರೆ ಉಪ್ಪು, ಒಣಮೆಣಸಿನಕಾಯಿ, ಕಲ್ಲಾದ ನಿಂಬೆಹಣ್ಣು. ನಾಲ್ಕು ವರ್ಷದ ಹಿಂದೆ ಜೀಪು ಕಾಲುವೆಯ ಏರಿಯಿಂದ ಜಾರಿ ಗಂಡ ಕೂದಲೆಳೆಯಲ್ಲಿ ಉಳಿದ ಮೇಲೆ, ಕಲ್ಯಾಣಮ್ಮ ಅಮಾವಾಸ್ಯೆಗೊಂದು ಗಂಟು ದೃಷ್ಟಿ ತೆಗೆದು ಅವನು ಕೂರುವ ಜಾಗದ ಕೆಳಗೆ ಸಿಕ್ಕಿಸುತ್ತ ಬಂದಿದ್ದಳು.

“ಮಳಿ ನೀರು ಬಿದ್ದಾಗೆಲ್ಲ ಉಪ್ಪು ಕರಗಿ ಪಟ್ಟಿಗೆ ಇಳದೈತ್ರಿ. ನೋಡ್ರಿಲ್ಲೆ.” ಬಂದೇಸಾಬ ಎರಡು ಬೆರಳಲ್ಲಿ ಪಟ್ಟಿಯನ್ನು ಒತ್ತಿದ. ಕಬ್ಬಿಣ ಹಪ್ಪಳದಂತೆ ಮುರಿಯಿತು.

ಕರಿಬಸಯ್ಯನಿಗೆ ಇಷ್ಟು ಸಾಕಾಯಿತು. “ನೋಡಪಾ! ನಾ ಅನ್ನದಾಗ ಉಪ್ಪು ಕಡಿಮಿ ಐತಿ ಅಂದ್ರ ಬೈತಿದ್ಲು. ಉಪ್ಪೆಲ್ಲ ಜೀಪಿಗೆ ಉಣಸ್ಯಾಳ!” ಚಹಾ ತಂದವನಿಗೂ ಹೇಳಿದ, ಪಂಚರ್ ಹಾಕಿಸಲು ಬಂದವನಿಗೂ ಹೇಳಿದ. ಕಲ್ಯಾಣಮ್ಮ ಸೆರಗು ಹೊದ್ದುಕೊಂಡು ಮರದ ಬುಡದಲ್ಲಿ ಕೂತಳು. ಗಂಡ ಉಳಿಯಲೆಂದು ಕಟ್ಟಿದ್ದು ಗಂಡನ ಸೀಟಿನ ಬುಡವನ್ನೇ ತಿಂದಿತ್ತು.

ಬಂದೇಸಾಬ ಅವಳ ಮುಖ ನೋಡಿದ. “ಅವ್ವಾರ, ಒಂದು ವರ್ಷ ಇದು ನಾರಿನ ಮ್ಯಾಲೆ ನಿಂತೈತಿ ಅಂದ್ರ ನಿಮ್ಮ ಗಂಟ ಕಾಯ್ದೈತಿ. ಇನ್ನ ಮ್ಯಾಲೆ ಮುಂದಿನ ಬಂಪರಿಗೆ ಕಟ್ರಿ. ಕೆಟ್ಟ ಕಣ್ಣು ಮುಂದಿಂದ ಬರ್ತೈತಿ, ಸೀಟಿನ ಕೆಳಗಿಂದ ಬರಂಗಿಲ್ಲ. ಉಪ್ಪು ಒಂದು ಬಿಡ್ರಿ, ನಿಂಬಿಹಣ್ಣು ಮೆಣಸಿನಕಾಯಿ ಸಾಕು.”

ಎರಡು ದಿನ ಕೆಲಸ ನಡೆಯಿತು. ಟ್ಯಾಂಕನ್ನು ದೂರದ ಗೋಡೆಯ ಹತ್ತಿರ ಇಟ್ಟ ಮೇಲೆಯೇ ವೆಲ್ಡಿಂಗು. ಕೊಳೆತ ಕಬ್ಬಿಣವನ್ನೆಲ್ಲ ಕತ್ತರಿಸಿ, ಗುಜರಿ ಲಾರಿಯ ದಪ್ಪ ಪಟ್ಟಿಯಿಂದ ಹೊಸ ಹಿಡಿಕೆಗಳನ್ನು ಕೂರಿಸಿದ. ಮೇಲೆ ಎರಡು ಕೈ ಕೆಂಪು ಬಣ್ಣ. ಕಬ್ಬಿಣಕ್ಕೂ ಟ್ಯಾಂಕಿಗೂ ನಡುವೆ ಎತ್ತಿನ ಬಂಡಿಯ ಟಾಯರಿನ ತುಂಡುಗಳನ್ನು ಹಾಸಿ, ನಟ್ಟುಗಳನ್ನು ಒಂದೇ ಸಲ ಬಿಗಿಯದೆ, ಈ ಮೂಲೆಗಿಷ್ಟು ಆ ಮೂಲೆಗಿಷ್ಟು ಬಿಗಿದ. ಹೊಸ ಪೈಪು ಹಾಕಿ ಡೀಸೆಲ್ ತುಂಬಿ, ಒಂದು ಹೊತ್ತು ಕೆಳಗೆ ಕಾಗದ ಹಾಸಿ ನೋಡಿದ. ಒಂದು ಹನಿ ಇಲ್ಲ.

ಆದರೂ ಸೋಮವಾರ ಬೆಳಿಗ್ಗೆ ಕರಿಬಸಯ್ಯ, “ನೀನೂ ಬಾರಪ. ಕೂಸು ಕುಂದ್ರೋ ಗಾಡಿ. ಹಾದ್ಯಾಗ ಏನರ ಆದ್ರ?” ಎಂದ. ಕಲ್ಯಾಣಮ್ಮ ಮುಂದೆ ಕೂತಳು, ಬಂದೇಸಾಬ ಪಾನಾ ಚೀಲದೊಂದಿಗೆ ಹಿಂದೆ ಕೂತ.

ಹೋಗುವಾಗ ಮಸ್ಕಿ ದಾಟಿದರೂ ಸದ್ದಿಲ್ಲ. ಲಿಂಗಸುಗೂರಿನಲ್ಲಿ ಬೀಗರು ಜೀಪಿನ ಸುತ್ತ ಒಂದು ಸುತ್ತು ಹಾಕಿ, “ಮಾತು ಉಳಿಸ್ಕೊಂಡ್ರಿ ಬಿಡ್ರಿ” ಎಂದರು. ಕರಿಬಸಯ್ಯನ ಎದೆ ಹಂದರದಷ್ಟು ಅಗಲವಾಯಿತು. ಹೊರಡುವ ಮುಂಚೆ ಕಲ್ಯಾಣಮ್ಮ ಬಂದೇಸಾಬನಿಗೆ ಮೆಲ್ಲಗೆ ಏನೋ ಹೇಳುತ್ತಿದ್ದಳು. ಮಗಳ ಬೆನ್ನಿಗೆ ದಿಂಬಿನ ಮಾತಿರಬೇಕು ಎಂದುಕೊಂಡು, ಕರಿಬಸಯ್ಯ ಮಗಳನ್ನು ಪಕ್ಕದಲ್ಲಿ, ಉಳಿದಿಬ್ಬರನ್ನು ಹಿಂದೆ ಕೂರಿಸಿಕೊಂಡು ಗಾಡಿ ಬಿಟ್ಟ.

ನಾಲ್ಕು ಮೈಲಿ ಹೋಗಿರಬೇಕು.

ಧಡಕ್.

ಕರಿಬಸಯ್ಯನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು. ಇಳಿದು ಬಗ್ಗಿ ನೋಡಿದ, ಏನೂ ಇಲ್ಲ. ಹತ್ತಿದ. ಮಸ್ಕಿಯ ಗುಡ್ಡ ಕಾಣುವಾಗ ಮತ್ತೆ ಧಡಕ್, ಧಡಕ್. ಮತ್ತೆ ಇಳಿದ, ನಟ್ಟು ಮುಟ್ಟಿದ, ಬೆವರು ಒರೆಸಿಕೊಂಡ. ಪಕ್ಕದಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅವಳನ್ನು ನೋಡಿ ಅವನು ಗಾಡಿಯನ್ನು ಇನ್ನೂ ನಿಧಾನ ಬಿಟ್ಟ.

ಮಸ್ಕಿ ದಾಟಿ, ಎರಡೂ ಕಡೆ ಭತ್ತದ ಗದ್ದೆ ಶುರುವಾಗುವ ಕಡೆ, ಧಡಕ್ ಧಡಕ್ ಧಡಧಡಕ್!

ಕರಿಬಸಯ್ಯ ಇಂಜಿನ್ನು ಆರಿಸಿ, ಹೊಸ ಧೋತರದ ಸಮೇತ ಕೆಸರಿನಲ್ಲಿ ಅಂಗಾತ ಮಲಗಿ, ಜೀಪಿನ ಕೆಳಗೆ ತೂರಿದ. ಟ್ಯಾಂಕಿನ ತಳಕ್ಕೆ ಎರಡೂ ಅಂಗೈ ಒತ್ತಿ, ಇದ್ದ ಬಲವೆಲ್ಲ ಹಾಕಿ ಅಲುಗಾಡಿಸಿದ. ಊರ ಅಗಸಿಬಾಗಿಲ ಕಲ್ಲಿನಂತೆ ಅಲುಗದೆ ಕೂತಿತ್ತು.

ಧಡಕ್.

ಇಂಜಿನ್ನು ಆರಿತ್ತು. ಜೀಪು ನಿಂತಿತ್ತು. ಟ್ಯಾಂಕು ಅವನ ಕೈಯಲ್ಲೇ ಇತ್ತು. ಸದ್ದು ಮೇಲಿನಿಂದ ಬಂತು. ಆಮೇಲೆ ಮಗಳು ಕಿಸಕ್ಕನೆ ನಕ್ಕದ್ದು ಕೇಳಿತು.

“ಬಂದೇಸಾಬ! ನಿನ್ನ ಬಾಯಿಗೆ...”

“ಅವನ್ನ ಬೈಬ್ಯಾಡ್ರಿ, ನಾನ ಹೇಳಿದ್ದು,” ಕಲ್ಯಾಣಮ್ಮ ಮೇಲಿಂದ ಬಗ್ಗಿ ನೋಡಿದಳು. “ಅಲ್ರೀ, ಒಂದು ವರ್ಷದಿಂದ ಕೇಳದ ಸದ್ದು ಇವತ್ತ ಒಂದ ಸಲಕ್ಕ ಹೆಂಗ ಕೇಳಸ್ತು? ಯಾವ ಸದ್ದು ಅಂತ ಹೆಂಗ ಗುರುತು ಹತ್ತಿತು?”

ಕರಿಬಸಯ್ಯ ಉತ್ತರಕ್ಕೆ ಬಾಯಿ ತೆರೆದ. ಅಂಗೈ ಇನ್ನೂ ಟ್ಯಾಂಕಿಗೆ ಒತ್ತಿಕೊಂಡೇ ಇತ್ತು. ಅದು ಅಲುಗದು, ಮಗಳು ಮನೆ ಮುಟ್ಟುತ್ತಾಳೆ. ತೆರೆದ ಬಾಯಿಯಿಂದ ನಗು ಹೊರಟಿತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಏಳುವಷ್ಟು. ಮೇಲಿದ್ದ ಮೂವರ ನಗು ಅದರಲ್ಲಿ ಮುಳುಗಿಹೋಯಿತು. ಬಂದೇಸಾಬ ಒಬ್ಬನೇ ನಗು ನಿಲ್ಲಿಸಿ ಕಿವಿಗೊಟ್ಟು ಕೇಳುತ್ತಿದ್ದ. ಈ ಸದ್ದು ಅವನಿಗೂ ಹೊಸದು.