ನಾಲಿಗೆಯ ಕೆಂಪು

ಬೇಸಿಗೆ ಬಂತೆಂದರೆ ರಾಜಾಜಿನಗರದ ನಮ್ಮ ಬೀದಿಗೆ ಮಧ್ಯಾಹ್ನ ಎರಡಕ್ಕೆ ಬೆಟ್ಟಯ್ಯನ ಐಸ್‌ಕ್ಯಾಂಡಿ ಸೈಕಲ್ಲು ಬರುತ್ತಿತ್ತು. ಗಂಟೆ ಕೇಳಿದರೆ ಸಾಕು, ಎರಡೂವರೆ ವರ್ಷದ ಮೊಮ್ಮಗಳು ನೀಲಾ ನನ್ನ ಸೀರೆ ಹಿಡಿದು ಎಳೆಯುವಳು. ಅವಳ ತಾಯಿ, ನನ್ನ ಸೊಸೆ ಅಂಬುಜಾ, ಆಫೀಸಿನಲ್ಲಿ ಟೈಪಿಸ್ಟು. ಅವಳು ಸಂಜೆ ಬರುವವರೆಗೆ ಮನೆಗೆ ನಾನೇ ರಾಣಿ.

"ಅತ್ತೆ, ಆ ಬಣ್ಣದ ಐಸು ಕೊಡಬೇಡಿ. ಯಾವ ನೀರೋ ಏನೋ. ಬರೀ ಸಿಹಿ ಚೀಪಿ ಅನ್ನಾನೂ ಮುಟ್ತಿಲ್ಲ," ಎನ್ನುತ್ತಿದ್ದಳು ಅಂಬುಜಾ.

"ನಾಲ್ಕು ಹೆತ್ತಿದೀನಿ ಕಣೇ, ನನಗೇ ಪಾಠಾನಾ? ಮಗು ಮೈ ಉಷ್ಣ, ತಂಪು ಬೀಳಬೇಕು."

ಬಾಯಿ ಜೋರು ಮಾಡುತ್ತಿದ್ದೆನೇ ಹೊರತು ಅವಳೆದುರು ಕೊಡುತ್ತಿರಲಿಲ್ಲ. ಅವಳಿಲ್ಲದಾಗ ಕೊಟ್ಟು, ಕೆಂಪಾದ ಪುಟ್ಟ ನಾಲಿಗೆಯನ್ನು ಒದ್ದೆ ಸೆರಗಿನಿಂದ ಒರೆಸುತ್ತಿದ್ದೆ. ಒಳ್ಳೆಯದೇ ಆಗಿದ್ದರೆ ಕದ್ದು ಕೊಡುವುದೇಕೆ ಎಂದು ನನಗೆ ಹೊಳೆಯಲಿಲ್ಲ.

ಎಪ್ಪತ್ತೈದರ ಮೇ ತಿಂಗಳು ನೀಲಾಗೆ ವಾಂತಿ ಭೇದಿ ಶುರುವಾಯಿತು. "ಹೊರಗಿನದ್ದು ಏನಾದ್ರೂ ಕೊಟ್ರಾ?" ಎಂದು ಡಾಕ್ಟರು ಕೇಳಿದಾಗ ಅಂಬುಜಾ ನನ್ನ ಮುಖ ನೋಡಿದಳು.

"ಶಿವನಾಣೆ ಇಲ್ಲ," ಎಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಅಂದೆ.

"ಕುದಿಸಿ ಆರಿಸಿದ ನೀರಿಗೆ ಚೂರು ಉಪ್ಪು, ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸ್ತಾ ಇರಿ. ಐಸು, ಷರಬತ್ತು ಬೇಡವೇ ಬೇಡ," ಎಂದರು ಡಾಕ್ಟರು.

ಮಾರನೆಯ ದಿನ ಮಗು ಕೊಂಚ ಚೇತರಿಸಿತು. ಒಂದು ಚೊಂಬು ಉಪ್ಪು ಸಕ್ಕರೆ ನೀರು ಮಾಡಿಟ್ಟು, ನೂರು ಸಲ ಹೇಳಿ ಅಂಬುಜಾ ಆಫೀಸಿಗೆ ಹೋದಳು. ಭೇದಿಯಾದಾಗ ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದರು. ಆ ನೀರನ್ನು ಬಚ್ಚಲಿಗೆ ಚೆಲ್ಲಿದೆ. ಮಗು ಬಾಯಾರಿ ಅತ್ತಿತು. ಎರಡಕ್ಕೆ ಬೆಟ್ಟಯ್ಯನ ಗಂಟೆ ಕೇಳಿಸಿತು. ಉಷ್ಣ ಇಳಿಯಲೆಂದು ಎರಡು ಕ್ಯಾಂಡಿ ಲೋಟದಲ್ಲಿ ಕರಗಿಸಿ ಕುಡಿಸಿದೆ.

ಸಂಜೆಗೆ ಭೇದಿ ಹೆಚ್ಚಿ ಕಣ್ಣು ಗುಳಿ ಬಿದ್ದವು. ಆಸ್ಪತ್ರೆ ಮುಟ್ಟುವ ಮೊದಲೇ, ಆಟೋದಲ್ಲಿ, ತಾಯಿಯ ತೊಡೆಯ ಮೇಲೆ ನನ್ನ ಕಂದ ಹೋಯಿತು. ಆಟೋ ಹತ್ತುವ ಮುಂಚೆಯೂ ನಾನು ಅದರ ನಾಲಿಗೆ ಒರೆಸಿದ್ದೆ.

ದೃಷ್ಟಿ ತಗಲಿತು ಎಂದರು ಬೀದಿಯವರು. ನಾನೂ ಹೂಂಗುಟ್ಟಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡದ್ದು ಮಗು.

ಮರುವರ್ಷ ಬೇಸಿಗೆಯ ಒಂದು ಭಾನುವಾರ ಮತ್ತೆ ಆ ಗಂಟೆ. ಎದುರು ಮನೆಯ ರಾಮಕ್ಕ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಬಂದರು. "ಎರಡು ದಿನದಿಂದ ಭೇದಿ ಕಣಪ್ಪ. ಹೊಟ್ಟೆ ತಂಪಾಗ್ಲಿ, ಒಂದು ಕೆಂಪು ಕೊಡು."

ನಾನು ಬೀದಿಗೆ ಓಡಿದೆ. ಬೆಟ್ಟಯ್ಯನ ಕೈಯಿಂದ ಕ್ಯಾಂಡಿ ಕಿತ್ತು ಚರಂಡಿಗೆ ಎಸೆದೆ.

"ಹುಚ್ಚು ಹಿಡೀತೇನ್ರೀ ಶಿವಗಂಗಮ್ಮ?"

"ನಮ್ಮ ನೀಲಾಗೆ ಯಾವ ದೃಷ್ಟೀನೂ ತಗಲಿರ್ಲಿಲ್ಲ ರಾಮಕ್ಕ. ಡಾಕ್ಟರು ಹೇಳಿದ ನೀರು ಚೆಲ್ಲಿ, ಇದನ್ನ ಕುಡಿಸಿ ನಾನೇ ಕೊಂದೆ. ಕೇಳಿದ್ದಕ್ಕೆ ಸುಳ್ಳು ಹೇಳ್ದೆ."

ಬೆಟ್ಟಯ್ಯ ತಲೆ ತಗ್ಗಿಸಿದ. "ಐಸು ಮಾಡೋ ನೀರು ನೋಡಿದೀನಮ್ಮ. ನಮ್ಮನೆ ಮಕ್ಕಳಿಗೆ ನಾನೂ ಕೊಡಲ್ಲ."

ಹಿಂತಿರುಗಿದರೆ ಬಾಗಿಲಲ್ಲಿ ಅಂಬುಜಾ. ಈ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳು ಒಳಗೆ ಹೋಗಿ, ಕುದಿಸಿ ಆರಿಸಿಟ್ಟಿದ್ದ ನೀರಿಗೆ ಉಪ್ಪು, ಸಕ್ಕರೆ ಕದಡಿ ಒಂದು ಚೊಂಬು ತಂದಳು. ನನ್ನ ಮುಖ ನೋಡದೆ ನನ್ನನ್ನು ದಾಟಿ ಹೋಗಿ, ಅದನ್ನು ರಾಮಕ್ಕನ ಕೈಗೆ ಕೊಟ್ಟಳು.