ಮೇಲೆ ಹೋದವರ ಊರು

ಮಾನ್ಯ ವಾಚಕ ಮಹಾಶಯರೇ, ಸೂಜಿ, ನೂಲು ಮತ್ತು ಹಳೆಯ ಪುಸ್ತಕಗಳ ಗಂಟು ಹೊತ್ತು ಅಟ್ಲಾಸ್ ಬೆಟ್ಟಗಳ ಸಂತೆಗಳನ್ನು ಸುತ್ತುವ ಈ ವ್ಯಾಪಾರಿಯು, ತಾನು ಕಣ್ಣಾರೆ ಕಂಡ ಸಂಗತಿಯೊಂದನ್ನು ತಮ್ಮ ಸನ್ನಿಧಿಯಲ್ಲಿ ವಿನಯಪೂರ್ವಕ ನಿವೇದಿಸುತ್ತಾನೆ. ತಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದಲ್ಲಿ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದತಕ್ಕದ್ದು.

ಐತ್ ಉಲ್ಮು ಎಂಬ ಊರಿನಲ್ಲಿ ಅದು ಅಕ್ರೋಟು ಬಡಿಯುವ ಕಾಲ. ಇಡೀ ಊರಿನ ಧಾನ್ಯವನ್ನು ಒಟ್ಟಿಗೆ ಕೂಡಿಡುವ ಕಲ್ಲಿನ ಕಣಜದ ಮೆಟ್ಟಿಲ ಮೇಲೆ ನಾನು ಗಂಟು ಬಿಚ್ಚಿದ್ದೆ. ಕಣಜದ ಕಾವಲುಗಾರನಾದ ಅದ್ದಿ ಅಜ್ಜ ಪುದೀನ ಚಹಾ ಸುರಿಯುತ್ತಿದ್ದ. ಮೂವತ್ತು ವರ್ಷಗಳಿಂದ ಕಣಜದ ಮರದ ಬೀಗದಕೈ ಅವನ ಸೊಂಟದಲ್ಲಿದೆ. ಅವನು ಆಡಿದ ಮಾತೇ ಊರಿಗೆ ಪತ್ರ. ಅವನ ಮೊಮ್ಮಗನ ಹೆಂಡತಿ ಇತ್ತೊ ಎಂಬಾಕೆ, ಆರು ತಿಂಗಳ ಬಸುರಿ, ಎದುರಿಗೆ ಕುಳಿತು ಅಕ್ರೋಟಿನ ಹಸಿ ಸಿಪ್ಪೆ ಸುಲಿಯುತ್ತಿದ್ದಳು. ಅವಳ ಅಂಗೈಗಳು ಕಪ್ಪಾಗಿದ್ದವು.

ಲಾರಿಯಿಂದ ಇಳಿದು ಬಂದವಳು ಅಜ್ಜನ ಮೊಮ್ಮಗಳು ತೂದ. ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ಪ್ರಾಂತ್ಯದ ಕಚೇರಿಯಲ್ಲಿ ಎರಡು ತಿಂಗಳ ತರಬೇತಿಗೆಂದು ಹೋಗಿ ಆಗ ಒಂದು ತಿಂಗಳಾಗಿತ್ತು.

“ಮೂರು ಸಲ ಹೇಳಿ ಕಳಿಸಿದ್ಮೇಲೆ ಬಂದ್ಯಾ?” ಎಂದ ಅಜ್ಜ. “ಅಕ್ರೋಟು ಯಾರು ಬಡೀತಾರೆ, ನಿಮ್ಮ ಮೇಷ್ಟ್ರಾ?”

“ನಾಳೆ ವಾಪಸ್ ಹೋಗ್ಬೇಕಜ್ಜ.”

“ಹೋಗೋದೇನೂ ಬೇಡ. ಸಂಬಳ ಇಲ್ದೆ ದುಡಿಯೋಕೆ ನೀನೇನು ಹೇಸರಗತ್ತೆನಾ? ಅದಕ್ಕಾದ್ರೂ ನಾವು ಹುಲ್ಲು ಹಾಕ್ತೀವಿ.”

“ಹುಲ್ಲು ನಂಗೂ ಹಾಕ್ತಾರೆ. ಊಟಕ್ಕೆ, ಬಸ್ಸಿಗೆ ಕೊಡ್ತಾರೆ. ಸಾರ್ವಜನಿಕ ನೀತಿ ಓದೋರು ಹಿಂಗೆ ಕಚೇರೀಲಿ ಕೂತು ಕಲೀಬೇಕು.”

“ನೀತಿನ ಮನೇಲೇ ಕಲಿಸಿದ್ವಲ್ಲೇ, ಸಾಲ್ಲಿಲ್ವಾ?”

ಇತ್ತೊ ಕಿಸಕ್ಕನೆ ನಕ್ಕಳು. ತೂದ ನಗಲಿಲ್ಲ. “ಆ ನೀತಿ ಅಲ್ಲಜ್ಜ. ಯಾವ ಊರಿಗೆ ನರ್ಸು, ಯಾವ ಊರಿಗೆ ರಸ್ತೆ, ಹಿಮ ತೆಗೆಯೋ ಯಂತ್ರ ಎಲ್ಲೀವರೆಗೂ ಹೋಗ್ಬೇಕು, ಇದನ್ನೆಲ್ಲ ಯಾರೋ ಕೂತು ತೀರ್ಮಾನ ಮಾಡ್ತಾರಲ್ಲ, ಆ ನೀತಿ.”

“ಹಂಗಾದ್ರೆ ನಿಮ್ ಸಾಹೇಬ್ರನ್ನೇ ಕೇಳು, ಹೋದ ಚಳಿಗಾಲ ಆ ಯಂತ್ರದ ಡ್ರೈವರು ಕೆಳಗಿನ ಸೇತುವೆ ಹತ್ರಾನೇ ಯಾಕೆ ತಿರುಗಿಸ್ಕೊಂಡು ಹೋದ ಅಂತ. ಸೋಮಾರಿ ನನ್ಮಗ. ಅವ್ನ ಕೈ ಸೇದಿಹೋಗ.”

ಇತ್ತೊಳ ನಗು ನಿಂತಿತು. ಕಳೆದ ಚಳಿಗಾಲದಲ್ಲಿ ಹೆರಿಗೆನೋವು ಬಂದಾಗ ಅವಳನ್ನು ಏಣಿಗೆ ಕಟ್ಟಿ, ಸೊಂಟದುದ್ದ ಹಿಮದಲ್ಲಿ ನಾಲ್ಕು ಜನ ಹೊತ್ತು ನಡೆದಿದ್ದರು. ಸೇತುವೆ ತಲುಪುವ ಮೊದಲೇ ಮಗು ಹುಟ್ಟಿ, ಉಸಿರಾಡದೆ ಹೋಗಿತ್ತು.

“ಕೇಳಿದೆ,” ಎಂದಳು ತೂದ. “ಡ್ರೈವರ್ದು ತಪ್ಪಿಲ್ಲ.” ಚೀಲದಿಂದ ಒಂದು ಹಾಳೆ ತೆಗೆದು ಬೆರಳಿಟ್ಟು ಓದಿದಳು. “ಐತ್ ಉಲ್ಮು. ಮನೆಗಳು ಸೊನ್ನೆ. ಜನ ಸೊನ್ನೆ. ವಾಸವಿಲ್ಲದ ಊರು.”

ಅಜ್ಜ ಸುರಿಯುತ್ತಲೇ ಇದ್ದ. ಲೋಟ ತುಂಬಿತು, ತಟ್ಟೆ ತುಂಬಿತು, ಚಹಾ ಮೆಟ್ಟಿಲಿಳಿದು ನನ್ನ ಪುಸ್ತಕಗಳ ಕಡೆ ಹರಿಯಿತು. ನಾನೂ ಅಲುಗಲಿಲ್ಲ.

“ಸೊನ್ನೆ ಅಂದ್ರೆ?” ಎಂದಳು ಇತ್ತೊ.

“ಅಂದ್ರೆ ನಾವಿಲ್ಲ ಅತ್ತಿಗೆ. ಇಲ್ದೇ ಇರೋರಿಗೆ ಯಂತ್ರ ಯಾಕೆ ಬರುತ್ತೆ?”

“ಯಾವ ಕುರುಡ ಬರೆದ ಅದನ್ನ?” ಎಂದ ಅಜ್ಜ.

“ಹೋದ ವರ್ಷ ಬೇಸಿಗೇಲಿ ಜನ ಎಣಿಸೋಕೆ ಬಂದೋನು. ಪಕ್ಕದಲ್ಲಿ ಷರಾ ಇದೆ, ಕೇಳು. ‘ಕಣಜದ ಕಾವಲುಗಾರನ ಹೇಳಿಕೆಯಂತೆ ಎಲ್ಲರೂ ಹೋಗಿದ್ದಾರೆ.’”

ಅಜ್ಜ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟ. “ಬಂದಿದ್ದ. ಚಹಾ ಕೊಟ್ಟೆ. ಜನ ಎಲ್ಲಿ ಅಂದ. ಬೇಸಿಗೇಲಿ ಎಲ್ರೂ ಕುರಿ ಹೊಡ್ಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗ್ತಾರೆ, ಕಣಜ ಕಾಯೋಕೆ ನಾನೊಬ್ನೇ ಉಳೀತೀನಿ. ಮೇಲೆ ಹೋದ್ರು ಅಂದೆ. ಇನ್ನೇನು ಹೇಳ್ಲಿ?”

“ಅವ್ನು ಅರಬ್ಬಿ ಮಾತಾಡೋನು ಅಜ್ಜ. ನಮ್ ಮಾತು ಅರ್ಧಂಬರ್ಧ. ಮೇಲೆ ಹೋದ್ರು ಅಂದಿದ್ದನ್ನ ಹೋಗೇಬಿಟ್ರು ಅಂತ ಬರ್ಕೊಂಡ.”

ಅಜ್ಜ, ಇತ್ತೊಳ ಮುಖ ನೋಡದೆ, ಬೀಗದಕೈಗೆ ಹೇಳುವಂತೆ ಹೇಳಿದ: “ಮೂವತ್ತು ವರ್ಷದಲ್ಲಿ ಒಂದು ಹಿಡಿ ಕಾಳು ತಪ್ಪಿಲ್ಲ. ಒಂದೇ ಮಾತಲ್ಲಿ ಇಡೀ ಊರನ್ನ ಮೇಲೆ ಕಳಿಸಿಬಿಟ್ಟೆ. ಆ ಕೂಸನ್ನೂ.”

“ನೀವು ಸುಳ್ಳು ಹೇಳಿಲ್ಲ,” ಎಂದಳು ಇತ್ತೊ. “ಆ ಕಚೇರೀಲಿ ನಮ್ಮವರು ಅಂತ ಒಬ್ರೂ ಇರ್ಲಿಲ್ಲ, ಅದೇ ಆಗಿದ್ದು.”

“ನನ್ ಪಕ್ಕದ ಮೇಜಿನ ಹುಡುಗಿ ಪಟ್ಟಣದವ್ಳು, ನನಗಿಂತ ಬುದ್ಧಿವಂತೆ,” ಎಂದಳು ತೂದ. “ಈ ಸಾಲನ್ನ ಎರಡು ಸಲ ತಾಳೆ ಹಾಕಿ ನೋಡಿದ್ಲು. ಅವಳಿಗೆ ಕಂಡಿದ್ದು ಬರೀ ಸೊನ್ನೆ. ನಂಗೆ ನೀವೆಲ್ಲ ಕಂಡ್ರಿ. ಅಧಿಕಾರಿಗೆ ಹೇಳ್ದೆ. ಮನೆಮನೆ ಹೆಸರು ತಗೊಂಡ್ ಬಾ, ಆವತ್ತು ಮಾತಾಡಿದೋರು ಖುದ್ದಾಗಿ ಬಂದು ಹೇಳ್ಲಿ ಅಂದ್ರು. ಈ ಚಳಿಗಾಲ ಹಿಮದ ಯಂತ್ರ ಹೋಗೋ ಊರುಗಳ ಪಟ್ಟಿ ಗುರುವಾರಕ್ಕೆ ಮುಗಿಯುತ್ತೆ. ಈಗ ಹೇಳಜ್ಜ, ನಾನು ಅಕ್ರೋಟು ಬಡೀಲಾ?”

ನಾನು ಗಂಟಿನಿಂದ ಒಂದು ಖಾಲಿ ನೋಟುಪುಸ್ತಕ ತೆಗೆದು ಹುಡುಗಿಗೆ ಕೊಟ್ಟೆ. ಹೊತ್ತು ಇಳಿಯುವುದರೊಳಗೆ ಅವಳು ಎಲ್ಲ ಮನೆಗಳ ಹೊಸ್ತಿಲನ್ನೂ ಮೆಟ್ಟಿ ಬಂದಳು. ನಲವತ್ತಮೂರು ಮನೆಗಳು.

ಮರುದಿನ ಬೆಳಿಗ್ಗೆ ಅಜ್ಜ ಹಬ್ಬದ ಉಣ್ಣೆಯ ನಿಲುವಂಗಿ ತೊಟ್ಟು ಬಂದ. ಕಣಜಕ್ಕೆ ಬೀಗ ಹಾಕಿ, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ಇತ್ತೊಳ ಕಪ್ಪು ಅಂಗೈಯಲ್ಲಿಟ್ಟ.

“ಯಾರಾದ್ರೂ ಬಂದು ಜನ ಎಲ್ಲಿ ಅಂದ್ರೆ ಏನಂತೀಯ?”

“ಅಜ್ಜ ಕೆಳಗೆ ಹೋದ್ರು ಅಂತೀನಿ.”

“ಬೇಡಮ್ಮ. ಇದ್ದೀವಿ ಅನ್ನು. ಅಷ್ಟೇ ಅನ್ನು.”

ಅದೇ ಲಾರಿಯಲ್ಲಿ ನಾನೂ ಪಟ್ಟಣಕ್ಕೆ ಬಂದೆ. ಕಚೇರಿಯಲ್ಲಿ ಅಜ್ಜ ತನ್ನ ಮಾತಿನಲ್ಲಿ ಹೇಳಿದ. ತೂದ ಅದನ್ನು ಅರಬ್ಬಿಯಲ್ಲಿ ಹೇಳಿದಳು. ಅಧಿಕಾರಿ ಸೊನ್ನೆಯನ್ನು ಹೊಡೆದುಹಾಕಿ ನಲವತ್ತಮೂರು ಎಂದು ಬರೆದರು. ಅನಂತರ ಅವಳ ಮುಂದೆ ಬೆಟ್ಟದ ಊರುಗಳ ಉಳಿದ ಹಾಳೆಗಳನ್ನೆಲ್ಲ ಇಟ್ಟು, “ಇವನ್ನೂ ನೋಡಮ್ಮ” ಎಂದರು. ಸಂಜೆಯೊಳಗೆ ಇನ್ನೂ ಎರಡು ಸೊನ್ನೆಗಳು ಸಿಕ್ಕವು. ಇಷ್ಟು ದಿನ ಇವು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂಬ ದಿಗಿಲು ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದಕಾರಣ, ಮಹನೀಯರೇ, ತಮ್ಮ ಊರು ಯಾವ ಪಟ್ಟಿಯಲ್ಲಿ ಏನೆಂದು ಬರೆಯಲ್ಪಟ್ಟಿದೆ, ಬಲ್ಲಿರಾ? ಮನೆಯ ಮಗಳು ಎರಡು ತಿಂಗಳು ಕಚೇರಿಯ ತರಬೇತಿಗೆ ಹೋಗುತ್ತೇನೆಂದರೆ ತಡೆಯಬೇಡಿ. ಪಟ್ಟಿ ಬರೆಯುವ ಅಧಿಕಾರದಲ್ಲಿರುವವರೇ, ಯಾರ ಊರಿನ ಲೆಕ್ಕ ಬರೆಯುತ್ತೀರೋ ಆ ಊರಿನ ಮಕ್ಕಳಿಗೊಂದು ಕುರ್ಚಿ ಹಾಕಿರಿ. ಊಟಕ್ಕೂ ಬಸ್ಸಿಗೂ ಕೊಡಿರಿ. ಕೊಡದಿದ್ದಲ್ಲಿ ಆ ಕುರ್ಚಿಯವರೆಗೆ ಬರಲು ಬಡವರ ಮಕ್ಕಳಿಂದಾಗದು.

ಚಹಾ ಕುಡಿದ ಪುಸ್ತಕಗಳು ಬಿಸಿಲಿಗೆ ಒಣಗಿವೆ. ಸೂಜಿಯ ಪೊಟ್ಟಣಗಳನ್ನು ಎಣಿಸಿ ಗಂಟು ಕಟ್ಟಿದ್ದೇನೆ. ಹಿಮ ಬೀಳುವ ಮೊದಲು ಆಚೆ ಕಣಿವೆಯ ಊರನ್ನು ಮುಟ್ಟಬೇಕು. ತೂದ ಹುಡುಕಿದ ಮೂರನೆಯ ಸೊನ್ನೆ ಅದೇ. ಕಳೆದ ಸಂತೆಯಲ್ಲಿ ಅಲ್ಲಿನ ಹೆಂಗಸರು ನನ್ನಲ್ಲಿದ್ದ ಸೂಜಿಗಳನ್ನೆಲ್ಲ ಕೊಂಡು, ಮುಂದಿನ ಸಲ ಇನ್ನೂ ಹೆಚ್ಚು ತಾ ಎಂದಿದ್ದರು.