ಮೂರನೆಯ ಬೋಲ್ಟಿನ ಗೆರೆ

ಪಿಕಪ್ಪು ಗ್ಯಾರೇಜಿನೊಳಗೆ ಬಂದು ನಿಂತಾಗ ಅದರ ಎಡಗಡೆಯ ದೀಪ ಇರಬೇಕಾದ ಕಡೆ ಬರೀ ತೂತಿತ್ತು. ಇಳಿದು ಬಂದ ಭಾವ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಒಮ್ಮೆ ಒರೆಸಿಕೊಂಡದ್ದು ಸಾಲದೆ ಮತ್ತೊಮ್ಮೆ ಒರೆಸಿಕೊಂಡರು.

"ಗೆರೆಯಮ್ಮಾ, ನಿನ್ನ ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಿದ್ರೆ ಈ ಗಾಡಿಗಿಂತ ಜಾಸ್ತಿ ನಾನು ಜಖಂ ಆಗ್ತೀನಿ."

ನಗಿಸಲು ಆಡಿದ ಮಾತು. ಆದರೆ ಅವರೇ ನಗಲಿಲ್ಲ.

ನಡೆದದ್ದು ಇಷ್ಟು. ಉಗ್ರಾಣದ ಗೇಟು ದಾಟಿ ಎಡಕ್ಕೆ ತಿರುಗಿಸುವಾಗ ಸ್ಟೀರಿಂಗು ಇದ್ದಕ್ಕಿದ್ದಂತೆ ಕಲ್ಲಾಗಿಬಿಟ್ಟಿತ್ತು. ಸ್ಟೀರಿಂಗಿನ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡಿತು. ಭಾವ ಎರಡೂ ಕೈಯಲ್ಲಿ ಜಗ್ಗಿದರು, ಬ್ರೇಕಿನ ಮೇಲೆ ನಿಂತೇಬಿಟ್ಟರು. ಅಷ್ಟರಲ್ಲಿ ಮೂತಿ ಗೋಡೆಗೆ ಬಡಿದಾಗಿತ್ತು. ಗೋಡೆಗೂ ಗಾಡಿಗೂ ನಡುವೆ ಕಾವಲುಗಾರನ ಸ್ಟೂಲು ಪುಡಿಪುಡಿಯಾಯಿತು. ನೀರು ಕುಡಿಯಲೆಂದು ಕಾವಲುಗಾರ ಅದರಿಂದ ಎದ್ದುಹೋಗಿ ಒಂದು ನಿಮಿಷವೂ ಆಗಿರಲಿಲ್ಲ.

"ಆಮೇಲೆ ಕೀ ಆಫ್ ಮಾಡಿ ಆನ್ ಮಾಡ್ದೆ ನೋಡು, ಹೂವಿನ ಹಾಗೆ ತಿರುಗ್ತು. ಅದೇ ನನಗೆ ಬಂದ ಕೇಡು. ಗಾಡಿ ಮಾಲೀಕರು ಬಂದು ಒಂದೇ ಬೆರಳಲ್ಲಿ ತಿರುಗಿಸಿ, 'ಸ್ಟೀರಿಂಗು ಸರಿಯಾಗೇ ಇದೆಯಲ್ಲಯ್ಯಾ, ನಿನ್ನ ತಲೆ ಎಲ್ಲಿತ್ತು?' ಅಂದ್ರು. ಐದು ಗಂಟೆಗೆ ಇಲ್ಲಿಗೆ ಬರ್ತಾರಂತೆ. ಗಾಡಿಯಲ್ಲಿ ತಪ್ಪು ಸಿಕ್ಕಿಲ್ಲ ಅಂದ್ರೆ ಕೀ ಕೊಟ್ಟು ಮನೆಗೆ ಹೋಗು ಅಂದಿದ್ದಾರೆ."

ಗೋಡೆಯ ಗಡಿಯಾರದಲ್ಲಿ ಎರಡೂವರೆ.

ಗೆರೆಯಮ್ಮ ಎಂಬುದು ಅಲ್ಲಿ ಕೆಲಸ ಮಾಡುವ ಅವಳಿಗೆ ಗ್ಯಾರೇಜಿನವರು ಇಟ್ಟ ಹೆಸರು. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಗಾಡಿಗಳ ವಿದ್ಯುತ್ ಕೆಲಸ ಕಲಿತವಳು. ಕಲಿತದ್ದು ಸಾಕೋ ಸಾಲದೋ ಎಂಬ ಅಳುಕು ಮಾತ್ರ ಹೋಗಿರಲಿಲ್ಲ. ಮೀಟರಿನಲ್ಲಿ ಕಂಡದ್ದನ್ನು ಎರಡು ಸಲ ಓದುವಳು. ಬೋಲ್ಟು ಬಿಗಿದಾದ ಮೇಲೆ ಅದರ ತಲೆಯಿಂದ ಕೆಳಗಿನ ತಗಡಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುವಳು. ಗೆರೆ ಇದ್ದರೆ ಬಿಗಿದಾಗಿದೆ ಎಂದು ಅರ್ಥ. ಮುಂದೆ ಬೋಲ್ಟು ತಿರುಗಿದರೆ ಗೆರೆ ಎರಡು ತುಂಡಾಗಿ ಗುಟ್ಟು ಬಿಟ್ಟುಕೊಡುತ್ತದೆ. ರಾತ್ರಿ ಮನೆಯಲ್ಲಿ ಮಲಗಿ 'ಬಿಗಿದೆನೋ ಇಲ್ಲವೋ' ಎಂದು ಹೊರಳಾಡುವುದನ್ನು ತಪ್ಪಿಸಲು ಅವಳು ತನಗಾಗಿ ಮಾಡಿಕೊಂಡ ಏರ್ಪಾಡು ಅದು.

ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿದಳು. ಸ್ಟೀರಿಂಗು ಹಗುರವಾಗಿ ತಿರುಗಲು ನೆರವಾಗುವ ಮೋಟರಿಗೆ ವೋಲ್ಟೇಜು ಬಿದ್ದುಹೋಗಿತ್ತು ಎಂದಿತು. ಯಾಕೆ ಎಂದು ಹೇಳಲಿಲ್ಲ. ಬ್ಯಾಟರಿ ನೋಡಿದಳು, ಚೆನ್ನಾಗಿತ್ತು. ಆಲ್ಟರ್ನೇಟರ್ ಚಾರ್ಜು ಸರಿಯಾಗಿ ಕೊಡುತ್ತಿತ್ತು. ಫ್ಯೂಸು ಸುಟ್ಟಿರಲಿಲ್ಲ. ವೈರುಗಳ ಪ್ಲಗ್ಗುಗಳನ್ನು ಕಿತ್ತು, ಒಳಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ ಮತ್ತೆ ಹಾಕಿದಳು. ಭಾವ ಸೀಟಿನಲ್ಲಿ ಕೂತು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿದ್ದೇ ತಿರುಗಿಸಿದ್ದು. ಸ್ಟೀರಿಂಗು ಬೆಣ್ಣೆಯ ಹಾಗೆ ಸುತ್ತುತ್ತಿತ್ತು.

ಮೂರೂವರೆ ಆಯಿತು. ನಾಲ್ಕೂ ಆಯಿತು.

ಗ್ಯಾರೇಜಿನ ಮೇಸ್ತ್ರಿ ಪಕ್ಕದಲ್ಲಿ ಬಂದು ನಿಂತರು. "ಮೋಟರ್ ಹೋಗಿದೆ ಅಂತ ಬರೆದುಕೊಡೋಣ ಬಿಡು."

"ಹೋಗಿದ್ರೆ ಈಗ ಹೇಗೆ ತಿರುಗ್ತಾ ಇದೆ ಮೇಸ್ತ್ರಿ? ಅರ್ತ್ ವೈರು ನೋಡ್ಲಾ?"

ಮೇಸ್ತ್ರಿ ಬ್ಯಾಟರಿಯ ಕೆಳಗಿನ ಸಂದಿಗೆ ಟಾರ್ಚ್ ಬಿಟ್ಟರು. ಮೋಟರಿನ ಕರೆಂಟು ಬ್ಯಾಟರಿಗೆ ಹಿಂದಿರುಗುವ ದಪ್ಪ ಕಪ್ಪು ವೈರು ಅಲ್ಲೇ ತಗಡಿಗೆ ಕಚ್ಚಿಕೊಂಡಿತ್ತು. "ಮೂರು ವಾರದ ಹಿಂದೆ ನೀನೇ ಬಿಚ್ಚಿ ಹಾಕಿದ್ದಲ್ವಾ? ನಿನ್ನ ಗೆರೆ ಇದೆ ನೋಡು. ಮುಂದೆ ಹೋಗು."

ಅವಳೂ ಮುಂದೆ ಹೋದಳು. ಮೊದಲು ಬ್ಯಾಟರಿ ನೋಡಿದಾಗಲೂ ಆ ಗೆರೆ ಕಂಡು ಹಾಗೆಯೇ ಮುಂದೆ ಹೋಗಿದ್ದಳು.

ನಾಲ್ಕೂ ಇಪ್ಪತ್ತಕ್ಕೆ ಭಾವ ಸೀಟಿನಿಂದಲೇ ಕೂಗಿದರು. "ಗೆರೆಯಮ್ಮಾ, ಒಂದು ಹೇಳೋದು ಮರೆತೆ. ಗೇಟಲ್ಲಿ ಹಂಪ್ ಇದೆ. ಅದನ್ನ ಹತ್ತಿ ಇಳಿದ ತಕ್ಷಣ ತಿರುಗಿಸ್ದೆ."

"ಇದನ್ನ ಈಗ ಹೇಳ್ತಿದೀರಾ ಭಾವಾ!"

"ನೀನು ಕೇಳ್ಲಿಲ್ಲ. ನನ್ನ ಹೆಂಡತಿ ಮನೆಯವರು ಕೇಳದೆ ಏನನ್ನೂ ಹೇಳಬಾರದು ಅಂತ ಕಲಿಸಿದ್ದಾರೆ."

ಅವಳು ಮೀಟರಿನ ಒಂದು ಕಡ್ಡಿಯನ್ನು ಮೋಟರಿನ ಅರ್ತ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ತುದಿಗೆ ಹಿಡಿಸಿದಳು. "ನೀವು ತಿರುಗಿಸ್ತಾ ಇರಿ ಭಾವಾ. ಮೇಸ್ತ್ರಿ, ಮೂತಿಯನ್ನ ಒತ್ತಿ ಒತ್ತಿ ಬಿಡಿ, ಹಂಪ್ ಹತ್ತಿದ ಹಾಗೆ." ಮೇಸ್ತ್ರಿ ಬಂಪರಿನ ಮೇಲೆ ಭಾರ ಹಾಕಿದರು. ಗಾಡಿ ಕುಣಿಯಿತು. ಮೀಟರಿನಲ್ಲಿ ಸೊನ್ನೆಯ ಅಕ್ಕಪಕ್ಕ ಇದ್ದ ಅಂಕಿ ಮೂರನೆಯ ಕುಣಿತಕ್ಕೆ ಐದು ವೋಲ್ಟಿನ ಮೇಲೆ ಹಾರಿತು.

"ಕಲ್ಲಾಯ್ತು!" ಭಾವ ಕಿರುಚಿದರು. "ಹಳದಿ ದೀಪ ಬಂತು! ಇದೇ, ಇದೇ ಆಗಿದ್ದು! ನಾನು ಸುಳ್ಳು ಹೇಳ್ಲಿಲ್ಲ!"

ಅವಳಿಗೂ ಕೂಗಬೇಕೆನಿಸಿತು. ಇಂಜಿನ್ನು ಆಫ್ ಮಾಡಿಸಿ, ವೈರಿನ ಜಾಡು ಹಿಡಿದು ಬೆರಳು ಇಳಿಸುತ್ತಾ ಹೋದಳು. ಸಂದಿಯಲ್ಲಿ ಸಾಲಾಗಿ ಮೂರು ಬೋಲ್ಟುಗಳಿದ್ದವು. ಅರ್ತ್ ವೈರಿನದು ಮೂರನೆಯದು. ಎರಡೇ ಬೆರಳಿಗೆ ಅದು ಅಲುಗಾಡಿತು.

ಅದರ ಮೇಲೆ ಹಳದಿ ಗೆರೆ. ಎಲ್ಲೂ ಒಡೆದಿರಲಿಲ್ಲ.

ಅವಳು ಟಾರ್ಚನ್ನು ಪಕ್ಕದ ಎರಡು ಬೋಲ್ಟುಗಳ ಮೇಲೆ ಬಿಟ್ಟಳು. ಅವುಗಳ ಗೆರೆ ತುಂಡಾಗಿ, ತಲೆಯ ಮೇಲಿನದು ಒಂದು ಕಡೆಗೂ ತಗಡಿನ ಮೇಲಿನದು ಇನ್ನೊಂದು ಕಡೆಗೂ ಇದ್ದವು. ಆದರೂ ಅವು ಕಲ್ಲಿನಂತೆ ಬಿಗಿಯಾಗಿದ್ದವು.

ವೈರು ಬಿಚ್ಚಿ ಹಾಕಿದ ಆ ದಿನ ಬಣ್ಣದ ಸೀಸೆ ಒಣಗುತ್ತಾ ಬಂದಿತ್ತು. ಕುಂಚದಲ್ಲಿ ಕೊನೆಯ ಹಸಿ ಇರುವಾಗಲೇ ಮುಗಿಸಿಬಿಡೋಣವೆಂದು ಬೆರಳಲ್ಲಿ ಕೂರಿಸಿದ್ದ ಮೂರೂ ಬೋಲ್ಟುಗಳಿಗೆ ಮೊದಲೇ ಗೆರೆ ಎಳೆದಿದ್ದಳು. ಆಮೇಲೆ ಸ್ಪ್ಯಾನರ್ ಹಾಕಿದಳು. ಎರಡು ತಿರುಗಿ ಬಿಗಿಯಾದವು, ಗೆರೆ ಒಡೆಯಿತು. ಮೂರನೆಯದಕ್ಕೆ ಸ್ಪ್ಯಾನರ್ ಹಾಕಲೇ ಇಲ್ಲ. ಯಾರೋ ಕರೆದರೋ, ಎದ್ದು ಹೋದಳೋ, ಅದು ನೆನಪಿಗೆ ಬರಲಿಲ್ಲ. ವಾಪಸ್ಸು ಬಂದಾಗ ಗೆರೆ ಕಂಡಿರಬೇಕು. ಮುಗಿಯಿತು ಎಂದು ಬ್ಯಾಟರಿ ಕೂರಿಸಿರಬೇಕು.

ಮೇಸ್ತ್ರಿ ಬಗ್ಗಿ ನೋಡಿದರು. ಹಳೆಯ ಕಣ್ಣು, ಹೇಳಿಕೊಡಬೇಕಾಗಿರಲಿಲ್ಲ. ದನಿ ತಗ್ಗಿಸಿದರು. "ಸ್ಪ್ಯಾನರ್ ಹಾಕಿ ಒಂದು ಸುತ್ತು ಬಿಗಿದುಬಿಡು. ಗೆರೆ ಒಡೆಯುತ್ತೆ. ರಸ್ತೆ ಗುಂಡಿಗೆ ಕುಲುಕಿ ಕುಲುಕಿ ಸಡಿಲ ಆಗಿತ್ತು ಅಂತ ಹೇಳೋಣ."

"ಗುಂಡಿಗೆ ಇಳಿಸಿದ್ದು ಯಾರು ಅಂತ ಮಾಲೀಕರು ಕೇಳ್ತಾರೆ."

"ಕೇಳಲಿ."

"ಭಾವ ಗಾಡಿ ಎತ್ತಿ ಎತ್ತಿ ಹಾಕ್ತಾರೆ ಅಂತ ಮೊದಲೇ ಅವರಿಗೆ ಕೋಪ ಇದೆ ಮೇಸ್ತ್ರಿ."

"ಅವನಿಗೆ ಇನ್ನೊಂದು ಗಾಡಿ ಸಿಗುತ್ತೆ. ನಿನ್ನ ಕೈ ಮೇಲೆ ಒಂದು ಸಲ ನಂಬಿಕೆ ಹೋಯ್ತು ಅಂದ್ರೆ ಯಾರು ಗಾಡಿ ಬಿಡ್ತಾರೆ ಇಲ್ಲಿ?"

ಸ್ಪ್ಯಾನರ್ ಅವಳ ಕೈಯಲ್ಲೇ ಇತ್ತು. ಹದಿಮೂರನೇ ನಂಬರಿನದು, ಹಿಡಿ ಸವೆದು ಅವಳ ಹೆಬ್ಬೆರಳಿನ ಅಳತೆಗೆ ಬಂದಿತ್ತು. ಕಾಲು ಸುತ್ತು ಸಾಕಿತ್ತು. ಭಾವ ಸೀಟಿನಿಂದ ಇಳಿದು, ಪ್ರಪಂಚವನ್ನೇ ಗೆದ್ದವರಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವಳು ಸ್ಪ್ಯಾನರನ್ನು ಬೋಲ್ಟಿನ ತಲೆಗೆ ಕೂರಿಸಿದಳು. ಸ್ಟೂಲಿನಿಂದ ಎದ್ದುಹೋದ ಮನುಷ್ಯ ಯಾಕೋ ಕಣ್ಣಮುಂದೆ ಬಂದ. ಅವನನ್ನು ಅವಳು ನೋಡಿಯೇ ಇರಲಿಲ್ಲ.

ಹೊರಗೆ ಕಾರಿನ ಬಾಗಿಲು ಧಡ್ ಎಂದಿತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಏನಂತೆ?" ಎನ್ನುತ್ತಲೇ ಮಾಲೀಕರು ಒಳಗೆ ಬಂದರು.

ಅವಳು ಸ್ಪ್ಯಾನರನ್ನು ಹೊರಗೆ ತೆಗೆದಳು. "ಇಲ್ಲಿ ಬಗ್ಗಿ ನೋಡಿ ಸರ್. ಸ್ಟೀರಿಂಗ್ ಮೋಟರಿನ ವೈರು ಇದು, ಬೋಲ್ಟು ಸಡಿಲ. ಗಾಡಿ ಕುಲುಕಿದಾಗ ಕರೆಂಟು ಕೈಕೊಡುತ್ತೆ. ಗೆರೆ ನೋಡಿ, ಒಡೆದಿಲ್ಲ. ಓಡಾಟದಲ್ಲಿ ಸಡಿಲ ಆಗಿದ್ರೆ ಒಡೆದಿರ್ತಿತ್ತು." ಸ್ಪ್ಯಾನರನ್ನು ಕೆಳಗಿಟ್ಟಳು. "ಇದನ್ನ ನಾನು ಬಿಗಿದೇ ಇಲ್ಲ. ಬಿಗಿಯೋ ಮೊದಲೇ ಗೆರೆ ಎಳೆದೆ. ಓಡಿಸಿದವರದ್ದು ಏನೂ ತಪ್ಪಿಲ್ಲ."

ಮೇಸ್ತ್ರಿ ಗೋಡೆಯ ಕಡೆ ತಿರುಗಿಕೊಂಡರು. ಭಾವ ಸೊಂಟದ ಮೇಲಿನ ಕೈ ಇಳಿಸಿದರು.

ಮಾಲೀಕರು ತಮ್ಮ ಬೆರಳಿನಿಂದ ಬೋಲ್ಟನ್ನು ಅಲುಗಾಡಿಸಿ ನೋಡಿದರು. ಆಮೇಲೆ ಕೇಳಿದರು. "ನನ್ನ ಗಾಡಿಯಲ್ಲಿ ಇಂಥ ಗೆರೆ ಇನ್ನೆಷ್ಟಿವೆ?"

"ಹನ್ನೊಂದು. ಈಗಲೇ ಎಲ್ಲಕ್ಕೂ ಸ್ಪ್ಯಾನರ್ ಹಾಕ್ತೀನಿ. ನೀವು ನಿಂತು ನೋಡಿ."

"ನೋಡ್ತೀನಿ. ಇದೇ ಕೊನೆ, ನನ್ನ ಗಾಡಿ ಇನ್ನು ಇಲ್ಲಿಗೆ ಬರಲ್ಲ." ಭಾವನ ಕಡೆ ನೋಡದೆಯೇ ಸೇರಿಸಿದರು. "ಕೀ ನಿನ್ನ ಹತ್ತಿರವೇ ಇಟ್ಕೋ. ನಾಳೆ ಹೊತ್ತಿಗೆ ಸರಿಯಾಗಿ ಬಾ."

ಹನ್ನೊಂದೂ ಬಿಗಿಯಾಗಿದ್ದವು. ಮೂರನೆಯದನ್ನೂ ಬಿಗಿದಳು. ಗೆರೆ ಒಡೆಯಿತು. ಅಷ್ಟು ಹೊತ್ತೂ ಟಾರ್ಚ್ ಹಿಡಿದು ನಿಂತಿದ್ದವರು ಭಾವ. ಮಾಲೀಕರ ಕಾರು ಹೊರಟ ಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ಅಕ್ಕನಿಗೆ ನೀನೇ ಹೇಳು. ನಾನಂತೂ ಹೇಳಲ್ಲ."

ಅವಳು ತಲೆಯಾಡಿಸಿ, ಮೇಜಿನ ಮೇಲಿದ್ದ ಕೆಲಸದ ಪುಸ್ತಕ ತೆರೆದಳು. ಸೀಸೆ ಒಣಗುತ್ತಿದ್ದ ಆ ದಿನದ ಹಾಳೆಯಲ್ಲಿ ಪಿಕಪ್ಪಿನ ಕೆಳಗೆ ಇನ್ನೂ ಎರಡು ಗಾಡಿಗಳಿದ್ದವು. ಮೊದಲನೆಯದರ ಮುಂದಿದ್ದ ಫೋನ್ ನಂಬರು ಒತ್ತಿದಳು. ಐದನೆಯ ಸಲ ರಿಂಗಾದಾಗ ಯಾರೋ ಎತ್ತಿಕೊಂಡರು. ಮಾತಿನ ಹಿಂದೆ ಇಂಜಿನ್ನಿನ ಸದ್ದು, ಹಾರ್ನು.

"ಗ್ಯಾರೇಜಿನಿಂದ ಮಾತಾಡ್ತಿದೀನಿ," ಎಂದಳು. "ಏನೂ ಕೇಳಬೇಡಿ. ಮೊದಲು ಗಾಡಿಯನ್ನ ನಿಧಾನವಾಗಿ ಪಕ್ಕಕ್ಕೆ ತಗೊಂಡು ನಿಲ್ಲಿಸಿ."